ಬರೆಯದೆ ಉಳಿದ ವೈಡ್

ಸೋತದ್ದು ಒಂದೇ ಒಂದು ರನ್ನಿನಿಂದ. ಮರುದಿನ ಬೆಳಿಗ್ಗೆ, ದಪ್ಪ ಕನ್ನಡಕದಿಂದಾಗಿ ಎಲ್ಲರ ಬಾಯಲ್ಲೂ ಚಷ್ಮಾ ಆಗಿಹೋಗಿದ್ದ ಹುಡುಗಿ ತನ್ನ ಬ್ಯಾಟನ್ನು ಸ್ಟಾಫ್‌ರೂಮಿನ ಬಾಗಿಲಿಗೆ ಒರಗಿಸಿ, ಇನ್ನು ಆಟಕ್ಕೆ ಬರುವುದಿಲ್ಲವೆಂದು ಹೇಳಿ ಹೋದಳು. ಕೊನೆಯ ಬಾಲಿಗೆ ಔಟಾದವಳು ಅವಳೇ. ಉಳಿದ ಹತ್ತು ಹುಡುಗಿಯರೂ ಅವಳ ಜೊತೆ ಮಾತು ಬಿಟ್ಟಿದ್ದರು.

ಲೆಕ್ಕದ ಟೀಚರ್ ನೋಟ್‌ಬುಕ್ಕುಗಳ ಗುಡ್ಡೆಯ ಹಿಂದಿನಿಂದ ಇದನ್ನು ನೋಡಿದಳು. ನಲವತ್ತೆರಡು ವರ್ಷ. ಬೆಳಗಾದರೆ ಹಾಸಿಗೆ ಹಿಡಿದ ತಾಯಿಯ ಸ್ನಾನ, ಅಣ್ಣ ಅತ್ತಿಗೆಯ ಡಬ್ಬಿ, ಆಮೇಲೆ ಏಳು ಪೀರಿಯಡ್ಡು. ಇದು ಸಾಲದೆಂಬಂತೆ ಹೆಡ್‌ಮಿಸ್ ಸ್ಕೋರ್ ಬರೆಯುವ ಕೆಲಸವನ್ನೂ ತಲೆಗೆ ಕಟ್ಟಿದ್ದರು. ಲೆಕ್ಕ ಬರುವವಳಿಗೆ ಅದೇನು ಮಹಾ ಎಂದು.

ಹುಡುಗಿಯರ ಟೀಮು ಕಟ್ಟಿದ್ದು ಡ್ರಿಲ್ ಮೇಷ್ಟ್ರು. ಹೆಂಡತಿ ತೀರಿಕೊಂಡ ಮೇಲೆ ಈ ಶಾಲೆಗೆ ಬಂದ ಒಂಟಿ ಮನುಷ್ಯ. ಆರು ತಿಂಗಳು ಮನೆಮನೆಯ ಮೆಟ್ಟಿಲು ಹತ್ತಿ, ಮಗಳು ಬಿಸಿಲಲ್ಲಿ ಕಪ್ಪಾಗುತ್ತಾಳೆಂದು ಗೊಣಗುವ ತಾಯಂದಿರನ್ನು ಒಪ್ಪಿಸಿದ್ದ. ಗೆಲ್ಲುವುದು ಆಮೇಲೆ, ಮೊದಲು ಬಾಲು ಬ್ಯಾಟಿನ ನಡುವಿಗೆ ತಾಗುವ ಸದ್ದು ಕೇಳಿ ಎನ್ನುತ್ತಿದ್ದ. ಆ ಸದ್ದು ಕೇಳಿದ ದಿನ ಚಷ್ಮಾ ಮೈದಾನದ ಸುತ್ತ ಎರಡು ಸಲ ಓಡಿದ್ದಳು.

ಈಗ ಅದೇ ಹುಡುಗಿ ತಲೆ ತಗ್ಗಿಸಿ ಹೋಗುತ್ತಿದ್ದಳು. ಹನ್ನೊಂದರಲ್ಲಿ ಒಬ್ಬಳು ಹೋದರೆ ಟೀಮೂ ಹೋದಂತೆ.

ತಪ್ಪು ಯಾರದೆಂದು ಲೆಕ್ಕದ ಟೀಚರಿಗೆ ಗೊತ್ತಿತ್ತು. ಆಟದಲ್ಲಿ ಒಂದು ಪದ್ಧತಿಯಿದೆ. ಅಂಪೈರ್ ಸನ್ನೆ ಮಾಡಿದರೆ ಸ್ಕೋರ್ ಬರೆಯುವವರು ಕೈ ಎತ್ತಿ ಉತ್ತರ ಕೊಡಬೇಕು, ಆಮೇಲೇ ಮುಂದಿನ ಬಾಲು. ತಮ್ಮ ಹುಡುಗಿಯರ ಬ್ಯಾಟಿಂಗಿನ ಒಂಬತ್ತನೇ ಓವರಿನಲ್ಲಿ ಅಂಪೈರಾಗಿ ನಿಂತ ಮೇಷ್ಟ್ರು ವೈಡ್ ಎಂದು ಎರಡೂ ತೋಳು ಅಗಲಕ್ಕೆ ಚಾಚಿದ್ದ. ಸಂಜೆಬಿಸಿಲು ಅವನ ಬೆನ್ನಿಗಿತ್ತು. ಇಷ್ಟು ದಣಿದವಳು ಆ ತೋಳುಗಳ ನಡುವೆ ಒಂದು ಗಳಿಗೆ ತಲೆಯಿಟ್ಟರೆ ಹೇಗಿರುತ್ತದೆ ಎಂದು ಅವಳ ಮನಸ್ಸು ಎಲ್ಲಿಗೋ ಹೋಯಿತು. ಗಾಳಿಗೆ ಹಾರಿದ ಮುಂಗುರುಳನ್ನು ಹಿಂದೆ ಸರಿಸಲು ಕೈ ಎತ್ತಿದಳು. ಅದೇ ಉತ್ತರವೆಂಬಂತೆ ಆಟ ಮುಂದುವರಿಯಿತು. ವೈಡಿಗೆ ಪುಕ್ಕಟೆ ಸಿಗುವ ಆ ಒಂದು ರನ್ನನ್ನು ಪುಸ್ತಕದಲ್ಲಿ ಬರೆಯಲೇ ಇಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಆದರೆ ಅರ್ಧ ಮಾರ್ಕಿಗೂ ಮಕ್ಕಳನ್ನು ಬಿಡದವಳು ಅವಳು.

ಸಂಜೆ ಚಷ್ಮಾಳನ್ನು ಕೈ ಹಿಡಿದೇ ಮೈದಾನಕ್ಕೆ ಕರೆತಂದು ಎಲ್ಲರೆದುರು ಹೇಳಿದಳು, ಒಂದು ವೈಡ್ ತಾನು ಬರೆದಿಲ್ಲ, ಮ್ಯಾಚು ಸೋತಿಲ್ಲ, ಸಮವಾಗಿದೆ ಎಂದು.

ಹುಡುಗಿಯರಲ್ಲಿ ಒಬ್ಬಳಿಗೆ ವಕೀಲೆ ಎಂದೇ ಅಡ್ಡಹೆಸರು. ಅವಳು ಬಿಡಲಿಲ್ಲ. "ನೀವು ಕೈ ಎತ್ತಿದ್ರಲ್ಲ ಮಿಸ್?"

"ಕೂದಲು ಸರಿ ಮಾಡ್ಕೊಂಡೆ ಕಣೇ."

"ಮತ್ತೆ ಏನ್ ನೋಡ್ತಿದ್ರಿ?"

ಹಕ್ಕಿ ಎನ್ನಬಹುದಿತ್ತು, ಮೋಡ ಎನ್ನಬಹುದಿತ್ತು. ಸುಳ್ಳು ಹುಡುಕುವಷ್ಟು ತ್ರಾಣವೂ ಅವಳಲ್ಲಿರಲಿಲ್ಲ.

"ನಿಮ್ಮ ಸಾರನ್ನ."

ಹತ್ತು ಕೈಗಳು ಹತ್ತು ಬಾಯಿಗಳನ್ನು ಮುಚ್ಚಿದವು. ಮೇಷ್ಟ್ರ ಕಿವಿ ಕೆಂಪಾಯಿತು. ಸ್ಟಂಪಿನ ತಲೆ ಸವರುತ್ತ, ನೆಲ ನೋಡುತ್ತ ಹೇಳಿದ.

"ಅದು ಕೂದಲು ಅಂತ ನಂಗೆ ಗೊತ್ತಾಗಿತ್ತು. ಇನ್ನೊಂದ್ಸಲ ಸನ್ನೆ ಮಾಡಿ ಕೇಳ್ಬೇಕಿತ್ತು. ಮರೆತೆ."

"ಯಾಕೆ ಸಾರ್?" ವಕೀಲೆ.

"ನಾನೂ ನೋಡ್ತಿದ್ದೆ."

ನಗು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಚಷ್ಮಾ ಕನ್ನಡಕ ತೆಗೆದು ಲಂಗದ ಅಂಚಿಗೆ ಒರೆಸಿಕೊಂಡಳು. "ಇಷ್ಟು ದೊಡ್ಡೋರೇ ಹಿಂಗೆ ಮಾಡಿದ್ಮೇಲೆ ನಾನೊಂದು ಬಾಲ್ ಬಿಟ್ಟಿದ್ದೇನ್ರೇ ಮಹಾ? ಬ್ಯಾಟ್ ಕೊಡ್ರೇ ಇಲ್ಲಿ." ವಕೀಲೆಯೇ ಓಡಿ ಹೋಗಿ ತಂದುಕೊಟ್ಟಳು.

ಆಟ ಶುರುವಾಯಿತು. ದೊಡ್ಡವರಿಬ್ಬರೂ ಬೆಂಚಿನ ಎರಡು ತುದಿಗೆ ಕುಳಿತರು. ನಡುವೆ ನೋಟ್‌ಬುಕ್ಕುಗಳ ಚೀಲ.

"ಮೇಷ್ಟ್ರೇ, ನನಗೆ ಸುಸ್ತು," ಅವಳೆಂದಳು. "ಇವತ್ತಿಂದಲ್ಲ. ಎಷ್ಟೋ ವರ್ಷದ್ದು. ಪ್ರೀತಿ ಗೀತಿ ಅಂತ ಓಡೋ ಶಕ್ತಿ ನನ್ನಲ್ಲಿಲ್ಲ."

"ಓಡೋದು ಯಾರಿಗೆ ಬೇಕು? ನನಗೂ ಮಂಡಿ ನೋವು. ಸಂಜೆ ಹೊತ್ತು ಹೀಗೇ ಪಕ್ಕದಲ್ಲಿ ಕೂತಿರಿ. ಅಷ್ಟೇ ಕೇಳ್ತಿರೋದು."

ಏಳಕ್ಕೆ ಅಮ್ಮನಿಗೆ ಮಾತ್ರೆ ಕೊಡಬೇಕು, ತಡವಾದರೆ ಅತ್ತಿಗೆಯ ಮುಖ ಊದುತ್ತದೆ ಎಂದಳು. ಏಳಕ್ಕೆ ಇನ್ನೂ ಹೊತ್ತಿದೆಯಲ್ಲ ಎಂದ ಅವನು. ಅವಳು ವಾಚು ನೋಡಿದಳು. ಐದೂ ಮುಕ್ಕಾಲು. ಮನೆಯ ಮುಕ್ಕಾಲು ಗಂಟೆಯ ದಾರಿ ಕಳೆದರೆ ಅರ್ಧ ಗಂಟೆ ಉಳಿಯುತ್ತಿತ್ತು, ಯಾರಿಗೂ ಸೇರದ ಅರ್ಧ ಗಂಟೆ.

ಚೀಲವನ್ನೆತ್ತಿ ನೆಲದ ಮೇಲಿಟ್ಟು, ಅವನತ್ತ ಸರಿದು ಕುಳಿತಳು.