ಕೈಯಾರೆ ಕೊಟ್ಟ ಭಕ್ಷೀಸು

ಹೆಂಡತಿ ತೀರಿಕೊಂಡ ವಾರ ಅವನು ನಗಲಿಲ್ಲ. ಸುದ್ದಿ ಬಂದಾಗ ಹಡಗು ನಡುಗಡಲಲ್ಲಿತ್ತು. ಇಳಿಯಲು ದಡವಿರಲಿಲ್ಲ, ದಡ ಸಿಕ್ಕಿದ ಮೇಲೆ ಇಳಿದೂ ಪ್ರಯೋಜನವಿರಲಿಲ್ಲ. ಎಂದಿನಂತೆ ಪ್ರಯಾಣಿಕರ ಕೋಣೆಗಳಲ್ಲಿ ಹಾಸಿಗೆ ಹಾಸಿದ, ಬಚ್ಚಲು ಒರೆಸಿದ, ಬಿಳಿ ಟವೆಲನ್ನು ಹಂಸದ ಆಕಾರಕ್ಕೆ ಮಡಿಸಿ ಮಂಚದ ಮೇಲೆ ಕೂರಿಸಿದ. ಕೆಲಸದಲ್ಲಿ ಎಳ್ಳಷ್ಟೂ ಲೋಪವಾಗಲಿಲ್ಲ. ಆದರೂ ಆ ಯಾನ ಮುಗಿಯುವಾಗ ಒಂದು ಕೋಣೆಯ ದಂಪತಿ ಕೌಂಟರಿಗೆ ಹೋಗಿ ತಮ್ಮ ಬಿಲ್ಲಿಗೆ ಸೇರಿದ್ದ ನೌಕರರ ಟಿಪ್ಸ್ ತೆಗೆಸಿಬಿಟ್ಟರು. ಏಕೆಂದು ಕೇಳಿದ್ದಕ್ಕೆ, "ರೂಮಿನವನ ಮುಖದಲ್ಲಿ ನಗುವೇ ಇಲ್ಲ" ಎಂದರಂತೆ.

ಅವನು ಯಾರ ಮೇಲೂ ರೇಗಲಿಲ್ಲ. ರೇಗುವುದಕ್ಕೂ ಮೈಯಲ್ಲಿ ಕಸುವು ಬೇಕು. ಆದರೆ ಅಂದಿನಿಂದ ಅವನೊಳಗೆ ಏನೋ ಒಂದು ಹೆಪ್ಪುಗಟ್ಟಿತು. ಇಷ್ಟು ಕಾಲ ಕಂಡವರ ಹಾಸಿಗೆಯನ್ನೆಲ್ಲ ಸರಿಮಾಡಿದ ತನಗೆ ಈ ಹಡಗು ಏನೋ ಬಾಕಿ ಉಳಿಸಿಕೊಂಡಿದೆ, ಅದನ್ನು ಅದಾಗಿ ಕೊಡುವುದಿಲ್ಲ, ತಾನೇ ತೆಗೆದುಕೊಳ್ಳಬೇಕು ಎಂಬ ಯೋಚನೆ ಮೆಲ್ಲಗೆ ಬಂದು ಮನೆ ಮಾಡಿತು.

ಜೊತೆಯವರು ಅವನನ್ನು ಹಂಸಣ್ಣ ಎನ್ನುತ್ತಿದ್ದರು. ಟವೆಲಿನ ಹಂಸ ಮಡಿಸುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ.

"ಏನ್ ಹಂಸಣ್ಣಾ, ನಿನ್ನ ಮುಖ ನೋಡಿದ್ರೆ ಸಮುದ್ರಕ್ಕೇ ಉಪ್ಪು ಕಮ್ಮಿ ಅನ್ಸುತ್ತೆ" ಎಂದು ಊಟದ ಹಾಲ್‌ನಲ್ಲಿ ಬಡಿಸುವವನು ಕಿಚಾಯಿಸುತ್ತಿದ್ದ.

"ನೀನು ತಟ್ಟೆ ಎತ್ತು. ಉಪ್ಪು ಆಮೇಲೆ ಅಳೆಯುವೆಯಂತೆ."

ಊರಿನಲ್ಲಿ ಮಗಳು ನಾದಿನಿಯ ಮನೆಯಲ್ಲಿ ಬೆಳೆಯುತ್ತಿದ್ದಳು. ಹಿಂದಿನ ಬಂದರಿನಿಂದ ಫೋನು ಮಾಡಿದಾಗ ಅವಳು ಕೇಳಿದ್ದಳು: "ಅಪ್ಪಾ, ಈ ಸಲ ಬಂದ್ರೆ ಮತ್ತೆ ಹೋಗ್ತೀಯಾ?"

"ಹೋಗ್ಬೇಕಲ್ಲ ಕಂದಾ."

"ಹಾಗಾದ್ರೆ ಬರ್ಲೇಬೇಡ. ನೀನು ಹೋದ್ಮೇಲೆ ನಂಗೆ ಜ್ವರ ಬರುತ್ತೆ."

ಈ ಯಾನ ಮುಗಿದರೆ ಹೊಸ ಕರಾರಿಗೆ ಸಹಿ ಹಾಕಬೇಕು. ಹಾಕದೆ ಊರಿಗೆ ಹೋಗಿ ಒಂದು ಇಸ್ತ್ರಿ ಅಂಗಡಿ ಇಡುವಷ್ಟು ಕೈಯಲ್ಲಿದ್ದರೆ, ಮಗಳನ್ನು ಬಿಟ್ಟು ಮತ್ತೆಂದೂ ಹೊರಡಬೇಕಿಲ್ಲ. ಅವನಿಗೆ ಬೇಕಾದದ್ದು ಅಷ್ಟೇ. ದುರಾಸೆಯೆಂದು ದೇವರೂ ಹೇಳಲಾರ ಎಂದು ಅವನು ತನಗೆ ತಾನೇ ತೀರ್ಪು ಕೊಟ್ಟುಕೊಂಡ.

ಮೂಲೆಯ ಕೋಣೆಗೆ ಈ ಸಲ ಬಂದವರು ಒಬ್ಬ ವೃದ್ಧೆ, ಒಬ್ಬರೇ. ಮೊದಲ ದಿನವೇ ಅವನು ಒಂದು ದಿಂಬನ್ನು ತೆಗೆಯಹೋದಾಗ ತಡೆದರು. "ಎರಡೂ ಇರ್ಲಿ ತಮ್ಮಾ. ಅವರು ಹೋಗಿ ವರ್ಷ ತುಂಬಿಲ್ಲ. ಈ ಹಡಗು ಹತ್ತಬೇಕು ಅನ್ನೋದು ಅವರ ಆಸೆ." ಅವನು ಎರಡನೆಯ ದಿಂಬನ್ನು ತಟ್ಟಿ ಸರಿಮಾಡಿಟ್ಟ. ಅಷ್ಟರಲ್ಲಿ ಕಣ್ಣು ತನ್ನ ಕೆಲಸ ಮಾಡಿತ್ತು. ಬೀರುವಿನಲ್ಲಿ ಗಂಡನ ಹಳೆಯ ಚರ್ಮದ ಚೀಲ, ಅದರೊಳಗೆ ರಬ್ಬರು ಸುತ್ತಿದ ನೋಟಿನ ಕಟ್ಟುಗಳು. ಕಾರ್ಡು ಆಕೆಗೆ ಆಗಿಬರದು. ಕಾಫಿ ತಂದವನಿಗೂ ಬಾಗಿಲು ತೆರೆದವನಿಗೂ ಚೀಲಕ್ಕೆ ಕೈಹಾಕಿ, ಬಂದಷ್ಟು ತೆಗೆದು, ನೋಡದೆ ಕೊಡುತ್ತಿದ್ದರು. ಸತ್ತವರಿಗೆ ದಿಂಬು ಹಾಕುವ ಹೆಂಗಸು ನೋಟು ಎಣಿಸುವುದಿಲ್ಲ ಎಂದು ಅವನು ಮನಸ್ಸಿನಲ್ಲಿ ಬರೆದಿಟ್ಟುಕೊಂಡ.

ಕದಿಯುವುದು ಕಷ್ಟವಲ್ಲ, ಕೋಣೆಯ ಕೀಲಿ ಅವನ ಸೊಂಟದಲ್ಲೇ ಇತ್ತು. ಕಷ್ಟವಿದ್ದದ್ದು ಆಮೇಲೆ. ನೌಕರನ ಪೆಟ್ಟಿಗೆಯಲ್ಲಿ ಅಷ್ಟು ನೋಟು ಸಿಕ್ಕಿದರೆ ಎಲ್ಲಿಂದ ಬಂತೆಂದು ಕೇಳುತ್ತಾರೆ. ಅಡಗಿಸಿಟ್ಟು ಸಿಕ್ಕಿಬಿದ್ದವರನ್ನು ಅವನು ಬೇಕಾದಷ್ಟು ಕಂಡಿದ್ದ. ಅವರೆಲ್ಲ ಮಾಡಿದ ತಪ್ಪು ಒಂದೇ: ಹಣವನ್ನು ಬಚ್ಚಿಟ್ಟದ್ದು. ಹಣವನ್ನು ಬಚ್ಚಿಡಬಾರದು, ಅದಕ್ಕೊಂದು ಹೆಸರು ಕೊಡಬೇಕು. ಹಡಗಿನಲ್ಲಿ ಯಾರೂ ಪ್ರಶ್ನೆ ಕೇಳದ ಹಣದ ಹೆಸರು ಒಂದಿತ್ತು. ಟಿಪ್ಸ್.

ಅದರ ಪದ್ಧತಿ ಸರಳ. ಪ್ರತಿ ಪ್ರಯಾಣಿಕನ ಬಿಲ್ಲಿಗೆ ತಲೆಗೆ ಇಷ್ಟೆಂದು ದಿನದ ಟಿಪ್ಸ್ ತಾನಾಗಿ ಸೇರುತ್ತದೆ. ಅದು ಒಟ್ಟಾಗಿ, ಹಾಸಿಗೆ ಹಾಸುವವರಿಂದ ಹಿಡಿದು ಹಡಗಿನ ತಳದಲ್ಲಿ ಕತ್ತೆಯಂತೆ ದುಡಿದು ಬಟ್ಟೆ ಒಗೆಯುವವರವರೆಗೆ, ಎಲ್ಲರಿಗೂ ಹಂಚಿಹೋಗುತ್ತದೆ. ಅದರ ಮೇಲೆಯೂ ಯಾರಿಗಾದರೂ ಮನಸ್ಸು ತುಂಬಿದರೆ ಕೊನೆಗೆ ಲಕೋಟೆಯಲ್ಲಿ ನೋಟಿಟ್ಟು ಬೇಕಾದವರ ಕೈಗೆ ಕೊಡುತ್ತಾರೆ. ಅದು ಪಡೆದವನ ಸ್ವಂತ. ಹಾಗಾದರೆ ಆ ವೃದ್ಧೆಯಿಂದ ಒಂದು ಲಕೋಟೆ ಬರಬೇಕು, ಮೇಲೆ ಅವರದೇ ಅಕ್ಷರವಿರಬೇಕು, ಕೊಡುವುದನ್ನು ನಾಲ್ಕು ಜನ ನೋಡಬೇಕು. ಒಳಗೆ ಎಷ್ಟಿತ್ತೆಂದು ಹೇಳಬಲ್ಲವರು ಇಬ್ಬರೇ: ಎಣಿಸದೆ ಕೊಟ್ಟ ಆಕೆ, ಎಣಿಸಿಕೊಂಡ ತಾನು. ಕೊಟ್ಟ ನೋಟಿನ ಜೊತೆ ಕದ್ದ ನೋಟು ಬೆರೆತರೆ ಹಾಲು ನೀರು ಬೇರೆ ಮಾಡುವ ಹಂಸ ಬಂದರೂ ಸೋಲಬೇಕು.

ಅವನು ಅವಸರ ಮಾಡಲಿಲ್ಲ. ಒಂದು ಬೆಳಿಗ್ಗೆ ಆಕೆಯೇ ಕೇಳಿದರು: "ಅಲ್ಲಪ್ಪಾ, ನಿಮಗೆಲ್ಲ ಇಲ್ಲಿ ಕೊಡೋ ಪದ್ಧತಿ ಹೇಗೆ? ನಂಗೊಂದೂ ಗೊತ್ತಾಗಲ್ಲ."

"ನೀವೇನೂ ಕೊಡಬೇಕಾಗಿಲ್ಲಮ್ಮಾ. ನಿಮ್ಮ ಬಿಲ್ಲಲ್ಲೇ ದಿನಾ ಸೇರ್ಕೊಂಡು ಬರುತ್ತೆ."

"ಅದು ನಿನಗೆ ಬರುತ್ತೋ?"

ಇಲ್ಲಿ ಅವನು ಒಂದು ನಿಟ್ಟುಸಿರು ಬಿಟ್ಟ. ಅದನ್ನು ಮೊದಲೇ ತೂಗಿಟ್ಟುಕೊಂಡಿದ್ದ. ಹೆಚ್ಚಾದರೆ ಭಿಕ್ಷೆ, ಕಡಿಮೆಯಾದರೆ ಗಾಳಿ. "ಎಲ್ಲರಿಗೂ ಹಂಚ್ತಾರಮ್ಮಾ. ನನ್ನ ಪಾಲಿಗೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಹೋಗ್ಲಿ ಬಿಡಿ. ಮಗಳಿಗೆ ತಾಯಿ ಇಲ್ಲ, ಅದೊಂದೇ ಚಿಂತೆ."

ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಹಾಗಾಗಿಯೇ ಬಾಯಿ ಕಹಿಯಾಯಿತು. ಆಕೆ ಅವನ ಕೈಮೇಲೆ ಕೈಯಿಟ್ಟು, "ನೀನು ಯೋಚನೆ ಮಾಡ್ಬೇಡ. ನಿನಗೆ ಕೊಡೋದನ್ನ ನಾನು ಕೈಯಾರೆ ಕೊಡ್ತೀನಿ" ಎಂದರು.

"ಹಾಗಾದ್ರೆ ಲಕೋಟೆ ಮೇಲೆ ಒಂದು ಮಾತು ಬರೆದ್ಬಿಡಿ ಅಮ್ಮಾ. ನಮ್ಮ ಮೇಲಿನವರು ಸುಮ್ನೆ ಅನುಮಾನ ಪಡ್ತಾರೆ."

ಹಡಗು ಬಂದರು ಮುಟ್ಟಿದ ಬೆಳಿಗ್ಗೆ ಎಲ್ಲವೂ ಅವನು ಬಗೆದಂತೆ ನಡೆಯಿತು. ಸಾಮಾನು ಸಾಗಿಸುವ ಗದ್ದಲದಲ್ಲಿ ಕೋಣೆಗಳ ಮುಂದಿನ ಓಣಿಯ ತುಂಬ ಜನ. ಕೋಣೆಗಳ ಮೇಲ್ವಿಚಾರಕ ಅಲ್ಲೇ ನಿಂತಿದ್ದ. ಆಕೆ ದಪ್ಪ ಲಕೋಟೆಯೊಂದನ್ನು ಅವನ ಅಂಗೈಯಲ್ಲಿಟ್ಟು ಮುಚ್ಚಿದರು. ಮೇಲೆ ನಡುಗುವ ಅಕ್ಷರದಲ್ಲಿ ಬರೆದಿತ್ತು: "ನನ್ನ ಕೋಣೆ ನೋಡಿಕೊಂಡ ತಮ್ಮನಿಗೆ, ಅಕ್ಕನ ಕೈಯಾರೆ."

"ಅದೃಷ್ಟವಂತ ಕಣಯ್ಯಾ" ಎಂದ ಮೇಲ್ವಿಚಾರಕ.

ಆಕೆ ತಿಂಡಿಗೆ ಹೋದರು. ಅವನು ಹಾಸಿಗೆ ಕಳಚಲು ಒಳಗೆ ಹೋದ. ಬೀರು ತೆರೆದು ಚೀಲದಿಂದ ಅರ್ಧಕ್ಕಿಂತ ತುಸು ಕಡಿಮೆ ತೆಗೆದ. ಪೂರ್ತಿ ಹೋದರೆ ಕಳ್ಳತನ, ಅರ್ಧ ಉಳಿದರೆ ಮರೆವು. ಲಕೋಟೆ ಹಿಗ್ಗಿತು, ಹರಿಯಲಿಲ್ಲ. ತನ್ನ ಪೆಟ್ಟಿಗೆಗೆ ಹೋಗಿ ಅದನ್ನು ಬಟ್ಟೆಗಳ ಮೇಲೆ, ಬರಹ ಕಾಣುವಂತೆ ಇಟ್ಟ. ಮತ್ತೆ ಬಂದು ಎರಡು ದಿಂಬುಗಳ ಗವಸು ಕಳಚಿದ. ಎರಡನೆಯದರಲ್ಲಿ ತಲೆಯಿಟ್ಟ ಗುಂಡಿ ಇರಲಿಲ್ಲ. ಕೈ ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ನಂತರ ಅದನ್ನೂ ಕೊಳೆಬಟ್ಟೆಯ ರಾಶಿಗೆ ಎಸೆದ.

ಕೌಂಟರಿನಿಂದ ಕರೆ ಬಂದಾಗ ಅವನಿಗೆ ಆಶ್ಚರ್ಯವಾಗಲಿಲ್ಲ. ಬಿಲ್ಲು ಕಟ್ಟಲು ಚೀಲ ಬಿಚ್ಚಿದ ವೃದ್ಧೆ ಒಂದು ಕ್ಷಣ ಕಕ್ಕಾಬಿಕ್ಕಿಯಾದರಂತೆ. ಪಕ್ಕದಲ್ಲಿದ್ದ ಕಾವಲಿನವನು ಅದನ್ನು ಗಮನಿಸಿದ್ದ. ಹಂಸಣ್ಣ ಲಕೋಟೆಯನ್ನು ಹಿಡಿದುಕೊಂಡೇ ಹೋಗಿ ಬಿಲ್ಲಿನ ಹುಡುಗಿಯ ಮುಂದಿಟ್ಟ.

"ಅಮ್ಮನವರು ಕೊಟ್ಟಿದ್ದು. ಎಲ್ಲರ ಎದುರಿಗೇ ಕೊಟ್ರು. ಜಾಸ್ತಿ ಆಯ್ತು ಅನ್ಸಿದ್ರೆ ವಾಪಸ್ ತಗೊಳ್ಳಲಿ ಸ್ವಾಮಿ, ನಂಗೇನೂ ಬೇಜಾರಿಲ್ಲ."

ಕೊನೆಯ ವಾಕ್ಯವನ್ನು ಅವನು ವಾರದಿಂದ ಅಭ್ಯಾಸ ಮಾಡಿದ್ದ. ಆಕೆ ನೊಂದುಕೊಂಡರು. "ಅಯ್ಯೋ, ಕೊಟ್ಟಿದ್ದನ್ನ ವಾಪಸ್ ತಗೊಳ್ತಾರಾ? ಅಕ್ಷರ ನಂದೇ ಕಣಪ್ಪಾ. ಎಷ್ಟು ಕೊಟ್ಟೆ ಅಂತ ನಾನು ನೋಡೋದಿಲ್ಲ. ಅಷ್ಟೂ ನಾನೇ ಕೊಟ್ಟಿದ್ದು, ಬರ್ಕೊಳ್ಳಿ."

ಅಲ್ಲಿಗೆ ಬಂದಿದ್ದ ಮೇಲ್ವಿಚಾರಕನೂ ತಲೆಯಾಡಿಸಿದ: "ನಾನೇ ಕಣ್ಣಾರೆ ನೋಡಿದೀನಿ." ಕಾವಲಿನವನು ಹಿಂದಕ್ಕೆ ಸರಿದ. ಎಷ್ಟೋ ತಿಂಗಳಿಂದ ಎದೆಯ ಮೇಲಿದ್ದ ಕಲ್ಲೊಂದು ಇಳಿದಂತಾಯಿತು. ಇಸ್ತ್ರಿ ಪೆಟ್ಟಿಗೆಯ ಬಿಸಿ ವಾಸನೆ ಅವನ ಮೂಗಿಗೆ ಬಂತು.

ಲಕೋಟೆಗೆ ಅವನು ಕೈಚಾಚುವಷ್ಟರಲ್ಲಿ ಬಿಲ್ಲಿನ ಹುಡುಗಿ ಪರದೆಯಿಂದ ಕಣ್ಣೆತ್ತಿ, "ಒಂದ್ನಿಮಿಷ. ಈ ರೂಮಿನ ಬಿಲ್ಲಲ್ಲಿ ಟಿಪ್ಸ್ ತೆಗೆಸಿದಾರಲ್ಲ?" ಎಂದಳು. ವೃದ್ಧೆಯ ಮುಖ ಅರಳಿತು. "ಹೌದಮ್ಮಾ, ಇವನು ಹೇಳಿದವತ್ತೇ ಬಂದು ತೆಗೆಸ್ದೆ. ಪಾಪ, ಎಲ್ರಿಗೂ ಹಂಚಿ ಇವನಿಗೇನೂ ಉಳಿಯಲ್ವಂತೆ. ಅದನ್ನೂ ಸೇರಿಸಿ ಇವನೊಬ್ಬನ ಕೈಗೇ ಕೊಡೋಣ ಅಂತ." ಮೇಲ್ವಿಚಾರಕ ಲಕೋಟೆಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡು, "ಹಾಗಾದ್ರೆ ಇದು ಎಲ್ಲರ ಪಾಲಿಗೆ ಸೇರ್ಬೇಕು ಹಂಸಣ್ಣಾ. ಬಿಲ್ಲಿಂದ ಟಿಪ್ಸ್ ತೆಗೆಸಿದ ರೂಮಿನವರು ಕೈಗೆ ಏನೇ ಕೊಟ್ರೂ ಅದು ಒಟ್ಟು ಹಣಕ್ಕೆ ಹೋಗುತ್ತೆ. ಹೊಸಬರಿಗೆ ಈ ಪಾಠ ಹೇಳೋನೇ ನೀನಲ್ವೇನಯ್ಯಾ?" ಎಂದ. ಹೌದು, ಅವನೇ. ಬಂದ ಪ್ರತಿ ಹೊಸಬನಿಗೂ ಹೇಳುತ್ತ ಬಂದಿದ್ದ. ಆ ಹಣ ಭಕ್ಷೀಸು ಎಂಬುದಕ್ಕೆ ಈಗ ಬರಹವಿತ್ತು, ಸಾಕ್ಷಿಯಿತ್ತು, ಕೊಟ್ಟವರ ಬಾಯಿಮಾತಿತ್ತು. ಅದು ಭಕ್ಷೀಸಲ್ಲ ಎಂದು ಹೇಳಬಲ್ಲವನು ಹಡಗಿನಲ್ಲಿ ಒಬ್ಬನೇ ಇದ್ದ. ವೃದ್ಧೆ ಏನೂ ಅರ್ಥವಾಗದೆ ಅವನ ಬೆನ್ನು ಸವರಿದರು. ಮೇಲ್ವಿಚಾರಕ ಹೊಸ ಕರಾರನ್ನೂ ಪೆನ್ನನ್ನೂ ಅವನ ಮುಂದಕ್ಕೆ ಸರಿಸಿದ.