ಅಪ್ಪನ ಪೆಟ್ಟಿಗೆಯ ದನಿ

ಆ ವಸಂತದಲ್ಲಿ ಆರ್ವಿಲ್‌ಗೆ ಇದ್ದದ್ದು ಒಂದೇ ಹಟ. ಕಿವಿ ಪೂರ್ತಿ ಕೈಕೊಡುವ ಮೊದಲು ಅಪ್ಪನ ಪೆಟ್ಟಿಗೆಯಿಂದ ಬೆಟ್ಟದ ನೆತ್ತಿಯಲ್ಲಿ ಒಂದು ಟರ್ಕಿ ಹುಂಜವನ್ನು ಕರೆಯಬೇಕು, ಅದು ಓಗೊಡುವುದನ್ನು ಕೇಳಬೇಕು. ಮುಂದಿನ ವರ್ಷಕ್ಕೂ ಕಿವಿ ಉಳಿದೀತು ಎಂದು ಡಾಕ್ಟರು ಹೇಳಿರಲಿಲ್ಲ.

ಸೀಡರ್ ಮರದ ಪುಟ್ಟ ಪೆಟ್ಟಿಗೆ ಅದು. ಮುಚ್ಚಳವನ್ನು ಅಂಚಿಗೆ ಸವರಿದರೆ ಹೆಣ್ಣು ಟರ್ಕಿಯೇ ಕರೆದಂತಾಗುತ್ತದೆ. ಅಪ್ಪ ತೀರಿಕೊಂಡ ಮೇಲೆ ಹನ್ನೊಂದು ವರ್ಷ ತಂಗಿ ಡೆಲ್ಫಿಯಾಳ ಅಡುಗೆಮನೆಯ ಗೂಡಿನಲ್ಲಿ ಅದು ಸುಮ್ಮನೆ ಕೂತಿತ್ತು.

ಆರ್ವಿಲ್ ಬಂದೂಕು ಹೆಗಲಿಗೇರಿಸಿ ತಂಗಿಯೊಂದಿಗೆ ಬೆಟ್ಟಕ್ಕೆ ಹೊರಟ ದಿನ, ದಾರಿಯ ಹಳ್ಳ ಹಿಂದಿನ ದಿನದ ಮಳೆಗೆ ಉಬ್ಬಿತ್ತು.

"ಪೆಟ್ಟಿಗೆ ನನ್ನ ಹತ್ರ ಕೊಡಣ್ಣ. ನಿನ್ನ ಮಂಡಿ ನಂಬೋ ಹಾಗಿಲ್ಲ," ಎಂದು ಡೆಲ್ಫಿಯಾ ಅದನ್ನು ಬ್ರೆಡ್ಡಿನ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟಿದಳು.

ನಡು ಹಳ್ಳದಲ್ಲಿ ಜಾರಿದ್ದು ಅವಳೇ. ನೀರು ಕುತ್ತಿಗೆಗೆ ಬಂತು. ಚೀಲ ಹಿಡಿದ ಕೈ ಮಾತ್ರ ಮೇಲೆ ನಿಂತಿತ್ತು. ಆರ್ವಿಲ್ ಊರುಗೋಲು ಚಾಚಿದ, ಎಳೆದ, ಇಬ್ಬರೂ ದಡಕ್ಕೆ ಬಿದ್ದರು.

"ಪೆಟ್ಟಿಗೆ?"

"ನೆಂದಿಲ್ಲ. ತಂಗಿ ಹೇಗಿದಾಳೆ ಅಂತ ಮಾತ್ರ ಕೇಳ್ಬೇಡ."

"ಬಯ್ಯೋಕೆ ಉಸಿರಿದೆಯಲ್ಲ, ಚೆನ್ನಾಗೇ ಇದಾಳೆ."

ನೆತ್ತಿ ತಲುಪುವಾಗ ಬಿಸಿಲೇರಿತ್ತು. ಹೆಣ್ಣುಗಳೆಲ್ಲ ಮೊಟ್ಟೆಯ ಮೇಲೆ ಕೂರುವ ಹೊತ್ತು, ಒಂಟಿಯಾದ ಹುಂಜ ಯಾರಾದರೂ ಕರೆದಾರೇ ಎಂದು ಕಾಯುವ ಹೊತ್ತು. ಡಾಗ್‌ವುಡ್ ಮರಗಳು ಬೆಳ್ಳಗೆ ಹೂಬಿಟ್ಟಿದ್ದವು. ಅಪ್ಪ ಒರಗುತ್ತಿದ್ದ ಬೀಚ್ ಮರ ಅಲ್ಲೇ ಇತ್ತು. ಆಗೆಲ್ಲ ಅವನ ಎರಡೂ ಪಕ್ಕದಲ್ಲಿ ಇವರಿಬ್ಬರು, ಜೇಬಿನಲ್ಲಿ ಹಂದಿಮಾಂಸ ಇಟ್ಟ ಬಿಸಿ ಬನ್ನು. ತಿಂದ ಕೈಯಲ್ಲಿ ಪೆಟ್ಟಿಗೆ ಮುಟ್ಟಿದರೆ ಮೊಟಕುತ್ತಿದ್ದ. ಆ ಮೊಟಕು ಈಗ ಸಿಗುವುದಾದರೆ ಇಬ್ಬರೂ ತಲೆಯೊಡ್ಡಲು ಸಿದ್ಧರಿದ್ದರು.

ಆರ್ವಿಲ್ ಮುಚ್ಚಳ ಸವರಿದ. ಇನ್ನೊಮ್ಮೆ ಸವರಿದ. ಮುಖ ಬಿಳಿಚಿಕೊಂಡಿತು.

"ಹೋಯ್ತು ಕಣೇ ಕಿವಿ. ಏನೂ ಕೇಳ್ತಿಲ್ಲ."

ಡೆಲ್ಫಿಯಾಳಿಗೂ ಏನೂ ಕೇಳಿಸಿರಲಿಲ್ಲ. ಮುಚ್ಚಳ ಬೆಣ್ಣೆಯ ಮೇಲೆ ಹೋದಂತೆ ಜಾರುತ್ತಿತ್ತು. ಅವಳಿಗೆ ತಟ್ಟನೆ ಅಪ್ಪನ ಮೊಟಕಿನ ಅರ್ಥ ಹೊಳೆಯಿತು: ಜಿಡ್ಡು ತಾಗಿದರೆ ಪೆಟ್ಟಿಗೆ ಕೂಗದು.

"ನಿನ್ನ ಕಿವಿ ಸರಿಯಾಗಿದೆ ಅಣ್ಣ. ತಪ್ಪು ನಂದು. ಪ್ರತಿ ಈಸ್ಟರ್‌ಗೂ ಎಣ್ಣೆ ಹಚ್ಚಿ ಉಜ್ಜಿಡ್ತಿದ್ದೆ. ಅಪ್ಪಂದು, ಹೊಳೀತಾ ಇರ್ಲಿ ಅಂತ."

"ಹನ್ನೊಂದು ಸಲ?"

"ಹನ್ನೊಂದು ಸಲ."

ಅವನು ಬಯ್ಯಲಿಲ್ಲ. ಕಿವಿ ಉಳಿದ ಸಂತೋಷಕ್ಕೆ ನಕ್ಕೇಬಿಟ್ಟ.

"ನಿನ್ನ ಜೇಬಲ್ಲಿ ಉಪ್ಪುಕಾಗದ ಇದೆಯಲ್ಲ, ಉಜ್ಜಿಬಿಡು," ಎಂದಳು.

"ಬೇಡ. ಈ ಅಂಚಿನ ಬಾಗು ಅಪ್ಪ ಚೂರೀಲಿ ಕೆತ್ತಿದ್ದು. ಅದು ಸವೆದ್ರೆ ಅವನ ದನೀನೇ ಹೋಗುತ್ತೆ."

ಬಂಡೆಯ ಮೇಲೆ ಪೆಟ್ಟಿಗೆಯನ್ನು ಬಿಸಿಲಿಗಿಟ್ಟ. ಮರದಿಂದ ಒಸರಿದ ಎಣ್ಣೆಯನ್ನು ಒಣಬಟ್ಟೆಯಿಂದ ಒರೆಸಿದ. ಮುಚ್ಚಳ ಜಾರದಂತೆ ಹಚ್ಚಲು ತಂದಿದ್ದ ಸೀಮೆಸುಣ್ಣವನ್ನು ದಪ್ಪಗೆ ಬಳಿದು, ಅದು ಎಣ್ಣೆ ಹೀರಿ ಹಳದಿಯಾದ ಮೇಲೆ ಒರೆಸಿ ತೆಗೆದ. ನಾಲ್ಕು ಸಲ ಹೀಗೇ ಮಾಡಿದ. ಐದನೆಯ ಸಲ ಸುಣ್ಣ ಬೆಳ್ಳಗೇ ಉಳಿಯಿತು.

ಸವರಿದ. ಒರಟಾದ, ಕೊನೆಯಲ್ಲಿ ಸ್ವಲ್ಪ ಒಡೆಯುವ ಆ ಕೂಗು ಎದ್ದಿತು. ಅಪ್ಪನ ಪೆಟ್ಟಿಗೆಯದೇ ಕೂಗು. ಡೆಲ್ಫಿಯಾಳ ಕಣ್ಣು ತುಂಬಿತು.

ದೂರದ ಕಣಿವೆಯಲ್ಲಿ ಹುಂಜ ಓಗೊಟ್ಟಿತು. ಆರ್ವಿಲ್ ಕದಲಲಿಲ್ಲ, ಅವನಿಗೆ ಕೇಳಿಸಿರಲಿಲ್ಲ. ಅವಳು ಅವನ ಮಂಡಿ ಒತ್ತಿ ಎಡಕ್ಕೆ ಬೆರಳು ತೋರಿದಳು. ಅವನು ಮತ್ತೆ ಸವರಿದ. ಅವಳು ಮತ್ತೆ ಒತ್ತಿದಳು. ಆಮೇಲೆ ಮೂವತ್ತು ಹೆಜ್ಜೆ ದೂರದಲ್ಲಿ, ಪೊದೆಯ ಹಿಂದೆಯೇ ಹುಂಜ ಗುಡುಗಿತು.

ಈ ಸಲ ಅವಳು ಮಂಡಿ ಮುಟ್ಟಬೇಕಾಗಲಿಲ್ಲ. ಅವನ ಮುಖ ಆಗಲೇ ಅರಳಿತ್ತು. ಹುಂಜ ಇನ್ನೆರಡು ಸಲ ಕೂಗುವವರೆಗೂ ಅವನು ಬಂದೂಕು ಎತ್ತಲಿಲ್ಲ.

ಹತ್ತು ಕೆಜಿ ಹಕ್ಕಿಯನ್ನು ಸರದಿಯಂತೆ ಹೊತ್ತು, ಕುಂಟುತ್ತ, ಹಳ್ಳವನ್ನು ಈ ಸಲ ಕೈ ಹಿಡಿದೇ ದಾಟಿ, ಸಂಜೆಗೆ ಮನೆ ಸೇರಿದರು. ಡೆಲ್ಫಿಯಾ ಪೆಟ್ಟಿಗೆಯನ್ನು ಗೂಡಿನಲ್ಲಿಟ್ಟಳು. ಸೀಮೆಸುಣ್ಣದ ಪುಡಿ ಉದುರಿ ಗೂಡೆಲ್ಲ ಬೆಳ್ಳಗಾಯಿತು. ಕೈಯಲ್ಲಿ ಬಟ್ಟೆ ಇದ್ದರೂ ಅವಳು ಒರೆಸಲಿಲ್ಲ.