ಬುಡ ಬೂದಿ, ತುದಿ ಕಪ್ಪು

ಮತ್ತೋಡಿನ ಹುಚ್ಚಕ್ಕನ ಕರಿಮರಿ ಕಳುವಾಗಿತ್ತು. ಎಪ್ಪತ್ತಾರರ ಬೇಸಿಗೆ. ಬೆಳಿಗ್ಗೆ ಉಣ್ಣೆ ಕತ್ತರಿಸಲು ಕುರಿಗಾಹಿ ಕಾಟಯ್ಯ ಹೊತ್ತೊಯ್ದದ್ದು ಕಾಡಿಗೆಯಂಥ ಮರಿ; ಮಧ್ಯಾಹ್ನ ತಂದು ಕಟ್ಟಿದ್ದು ಬೂದಿ ಬಣ್ಣದ್ದು. ಅದೂ ದೇವರಿಗೆ ಮೀಸಲು ಬಿಟ್ಟ ಮರಿ!

“ಅದೇ ಮರಿ ಕಣಕ್ಕ. ಕತ್ತರಿಸಿದ್ರೆ ಒಳಗೆ ಹಿಂಗಿತ್ತು,” ಎಂದ ಕಾಟಯ್ಯ.

ಯಾರು ನಂಬುತ್ತಾರೆ? ಸಂಜೆಯೊಳಗೆ ಕರಿಮರಿ ಬಾರದಿದ್ದರೆ ಅವನು ಹಟ್ಟಿ ಬಿಡಬೇಕೆಂದು ಹಿರಿಯರು ಹೇಳಿಬಿಟ್ಟರು. ಊರವರ ಕುರಿ ಕಾದೇ ಬದುಕಿದವನು ಎಲ್ಲಿಗೆ ಹೋಗಬೇಕು?

ದನದ ಡಾಕ್ಟರು ಜಮಾಲ್ ಸಾಬ್ ಅಂದು ಲಸಿಕೆ ಹಾಕಲು ಬಂದಿದ್ದರು. ಕಾಟಯ್ಯ ಅವರ ಕಾಲಿಗೇ ಬಿದ್ದ.

“ಏಳಪ್ಪ. ಕತ್ತರಿಸಿದ ಉಣ್ಣೆ ಎಲ್ಲೈತೆ?”

“ಚೀಲದಾಗೆ, ಸಾಹೇಬ್ರೆ.”

ಡಾಕ್ಟರು ಒಂದು ಎಳೆ ಬಿಡಿಸಿ ಬೆಳಕಿಗೆ ಹಿಡಿದರು. ಇನ್ನೊಂದು. ಮತ್ತೊಂದು.

“ಮರಿಗೆ ಏನು ಮೇವು, ಹುಚ್ಚಕ್ಕ?”

“ತಾಯಿಲ್ಲದ್ದು. ಹುಲ್ಲಿಗೆ ಬಾಯಿ ಹಾಕಾಕೇ ಬಿಟ್ಟಿಲ್ಲ. ಬರೀ ಹಸುವಿನ ಹಾಲು. ನಮ್ಮ ಸಣ್ಣಪ್ಪಂಗೆ ಹೆಂಗೋ ಇದಕ್ಕೂ ಹಂಗೇ.”

“ಸಣ್ಣಪ್ಪ ಯಾರು?”

“ಮೊಮ್ಮಗ. ಅದಕ್ಕೂ ತಾಯಿಲ್ಲ. ಕಬ್ಬಿಣದ ಟಾನಿಕ್ ಎಷ್ಟು ಕುಡಿಸಿದ್ರೂ ರಕ್ತ ಏರವಲ್ದು. ಒಂದೂವರೆ ವರ್ಷ ಆದ್ರೂ ಎದ್ದು ನಿಂತಿಲ್ಲ.”

“ಕರ್ಕೊಂಡು ಬರ್ರಿ.”

ಬಿಳಿಚಿಕೊಂಡ ಮಗು. ಡಾಕ್ಟರು ಅದರ ಕುಲಾವಿ ತೆಗೆದರು. ಕಾಟಯ್ಯ ಬಗ್ಗಿ ನೋಡಿದ—ಕೂದಲ ತುದಿ ಕಪ್ಪು, ಬುಡ ಮಾಸಲು!

“ಉಣ್ಣೆಯೂ ಹಿಂಗೇ ಐತೆ, ನೋಡ್ರಿ. ಮರಿ ಬದಲಾಗಿದ್ರೆ ಒಂದೇ ಎಳೇಲಿ ಎರಡು ಬಣ್ಣ ಹೆಂಗೆ ಬರ್ತಿತ್ತು? ಕಪ್ಪು ತುದಿ ಹುಟ್ಟಿದಾಗಿಂದು. ಬೂದಿ ಬುಡ ಈಚೆಗೆ ಬೆಳೆದದ್ದು. ಮೈಗೆ ತಾಮ್ರ ಬೇಕು, ಹುಚ್ಚಕ್ಕ. ಸಾಸಿವೆಯಷ್ಟೂ ಬೇಡ, ಆದ್ರೆ ಬೇಕೇ ಬೇಕು. ಅದಿಲ್ದಿದ್ರೆ ಕೂದಲು ಬಣ್ಣ ಬಿಡ್ತೈತೆ, ಕಾಲಿಗೆ ಬಲ ಬರಲ್ಲ, ಕಬ್ಬಿಣ ಕೊಟ್ರೂ ರಕ್ತ ಆಗಲ್ಲ. ಹಾಲಿನಾಗೆ ತಾಮ್ರ ತೀರಾ ಕಮ್ಮಿ.”

“ಹಂಗಾರೆ ಬಣ್ಣ ಕದ್ದೋರು ಯಾರು?”

ಡಾಕ್ಟರು ಹುಚ್ಚಕ್ಕನ ಕೈಯಲ್ಲಿದ್ದ, ಕೂಸಿಗೆ ಹಾಲು ಕುಡಿಸುವ ಒಳಲೆಯನ್ನು ನೋಡಿದರು.

“ನಾನೇನಾ?” ಮುದುಕಿ ಕುಸಿದು ಕುಂತಳು. “ರಾಗಿ ತಿನ್ನಿಸಿದ್ರೆ ಹೊಟ್ಟೆ ಕೆಡ್ತೈತೆ ಅಂತ... ಕೂಸನ್ನ ನಾನೇ ಕೊಲ್ತಿದ್ನಾ?”

“ಪ್ರೀತೀಲಿ ಮಾಡಿದ್ರಿ. ಇನ್ನು ರಾಗಿ, ಎಳ್ಳು, ಬೇಳೆ ತಿನ್ನಲಿ. ಆದ್ರೆ ಮೊದಲು ಹೊಸದುರ್ಗದ ಆಸ್ಪತ್ರೆ. ಮನುಷ್ಯರ ಡಾಕ್ಟ್ರು ನೋಡಿ ಹೇಳಲಿ. ಈಗಲೇ ಹೋಗಾಣ.”

ಹುಚ್ಚಕ್ಕ ಎದ್ದಳು. ಬೆಳಿಗ್ಗೆಯಿಂದ ಕಳ್ಳ ಕಳ್ಳ ಎಂದು ಬೈದಿದ್ದವನ ಮುಂದೆ ಹೋಗಿ ನಿಂತು ಮಗುವನ್ನು ಚಾಚಿದಳು.

“ನೀನೇ ಎತ್ಕಳಪ್ಪ, ಕಾಟಯ್ಯ. ನನ್ನ ಕೈಯಾಗೆ ಬ್ಯಾಡ.”

ಕಾಟಯ್ಯ ಮಗುವನ್ನು ಕಂಬಳಿಯಲ್ಲಿ ಸುತ್ತಿ ಎದೆಗವಚಿಕೊಂಡು ಬಸ್ಸಿನ ದಾರಿ ಹಿಡಿದ.